ನಮ್ಮ ನಾಲ್ಕು ತಾಲ್ಲೂಕುಗಳ ಸಾವಿನ ಲೆಕ್ಕ ಯಾರ ಹತ್ತಿರ ಇದೆ?

ಸೆಕೆಂಡ್ ಪಿಯುಸಿ ಸ್ಟಾಟಿಸ್ಟಿಕ್ಸ್‌ನಲ್ಲಿ ಮೊದಲು ಬರುವ ಅಧ್ಯಾಯವೇ ವೈಟಲ್ ಸ್ಟಾಟಿಸ್ಟಿಕ್ಸ್. ಎ ಪಟ್ಟಣ, ಬಿ ಪಟ್ಟಣ ಎಂದು ಎರಡು ಊರು ಕೊಟ್ಟು, ಜನಸಂಖ್ಯೆ ಇಷ್ಟು, ಸತ್ತವರು ಇಷ್ಟು, ಯಾವ ಊರು ಹೆಚ್ಚು ಆರೋಗ್ಯವಾಗಿದೆ ಎಂದು ಕೇಳುತ್ತಾರೆ. ಸತ್ತವರ ಸಂಖ್ಯೆಯನ್ನು ಜನಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಕಚ್ಚಾ ಮರಣ ದರ ಬರುತ್ತದೆ. ಅಂಕ ಗ್ಯಾರಂಟಿ. ಆ ಎ ಪಟ್ಟಣ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಎ ಪಟ್ಟಣದ ಜಾಗದಲ್ಲಿ ಶ್ರೀರಂಗಪಟ್ಟಣ, ಬಿ ಜಾಗದಲ್ಲಿ ಪಾಂಡವಪುರ, ಜೊತೆಗೆ ಕೆ.ಆರ್.ಪೇಟೆ, ನಾಗಮಂಗಲ ಇಟ್ಟು 2019, 2020, 2021ರ ಲೆಕ್ಕ ಮಾಡಿ ಎಂದರೆ ನಮ್ಮಲ್ಲಿ ಎಷ್ಟು ಜನ ಮಾಡಬಲ್ಲೆವು? ಈ ನಾಲ್ಕೂ ತಾಲ್ಲೂಕಿನಿಂದ ಬಂದವರು ನಮ್ಮ ಕಾಲೇಜಿನಲ್ಲಿದ್ದೇವೆ. ಆ ಎರಡು ವರ್ಷ ನಮ್ಮ ಮನೆಗಳಲ್ಲೂ ಸಾವಾಗಿದೆ. ಕೊರೊನಾ ನಮ್ಮ ಭಾಗದಲ್ಲಿ ಸಾವಿನ ದರವನ್ನು ಎಷ್ಟು ಏರಿಸಿತು ಎಂಬ ಲೆಕ್ಕವನ್ನು ಕಾಲೇಜಿನ ಪ್ರಾಜೆಕ್ಟ್ ಆಗಿ ನಾವೇ ತೆಗೆಯಬೇಕು ಎಂಬುದು ನನ್ನ ವಾದ. ಸರ್ಕಾರದ ಲೆಕ್ಕ ಇದೆಯಲ್ಲ ಎನ್ನುವವರಿಗಾಗಿ ಮೊದಲು ಆ ಲೆಕ್ಕವನ್ನೇ ನೋಡೋಣ.

ಭಾರತದಲ್ಲಿ ನೋಂದಣಿಯಾದ ಸಾವುಗಳು 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102 ಲಕ್ಷ. 2020ರ ಏರಿಕೆಯನ್ನು ನೋಡಿ ಗಾಬರಿಯಾಗಬೇಕಿಲ್ಲ. ಕೊರೊನಾ ಎಂಬ ಹೆಸರೇ ಇಲ್ಲದ ಕಾಲದಲ್ಲಿ, 2018ರಿಂದ 2019ಕ್ಕೆ, ನೋಂದಣಿ ಸುಮಾರು 7 ಲಕ್ಷ ಏರಿತ್ತು. ಅಂದರೆ ಜನ ಹೆಚ್ಚು ಸತ್ತರು ಎಂಬುದಕ್ಕಿಂತ, ಸತ್ತವರನ್ನು ಬರೆಸುವುದು ಹೆಚ್ಚಾಗಿತ್ತು. ಅದಲ್ಲದೆ 2020ರಲ್ಲಿ ಲಾಕ್‌ಡೌನ್‌ನಿಂದ ಕೆಲವು ಸಾವುಗಳು ಕಡಿಮೆಯೂ ಆದವು. ರಸ್ತೆ ಅಪಘಾತದಲ್ಲಿ ಸತ್ತವರು 1.51 ಲಕ್ಷದಿಂದ 1.32 ಲಕ್ಷಕ್ಕೆ ಇಳಿದರು. ಆದರೆ 2021ರಲ್ಲಿ ಒಂದೇ ವರ್ಷಕ್ಕೆ 21 ಲಕ್ಷ ಏರಿದ್ದನ್ನು ನೋಂದಣಿ ಸುಧಾರಿಸಿತು ಎಂಬ ಮಾತಿನಿಂದ ಮುಚ್ಚಲಾಗದು. ಆ ವರ್ಷ ಕೊರೊನಾದಿಂದ ಸತ್ತರು ಎಂದು ಅಧಿಕೃತವಾಗಿ ಎಣಿಸಿದ್ದು ಮೂರೂ ಕಾಲು ಲಕ್ಷದ ಆಸುಪಾಸು. ಎರಡೂ ವರ್ಷ ಸೇರಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಅಂದಾಜು ಮಾಡಿದ ವಿಧಾನವೇ ತಪ್ಪು ಎಂದು ನಮ್ಮ ಸರ್ಕಾರ ಆಕ್ಷೇಪಿಸಿತು.

ಕರ್ನಾಟಕದಲ್ಲಿ 2019ರಲ್ಲಿ 5.08 ಲಕ್ಷ ಸಾವು ನೋಂದಣಿಯಾಗಿದ್ದರೆ 2020ರಲ್ಲಿ 5.51 ಲಕ್ಷ. ಏರಿದ್ದು 43 ಸಾವಿರ. 2020ರ ಕೊನೆಗೆ ಆರೋಗ್ಯ ಇಲಾಖೆಯ ಬುಲೆಟಿನ್‌ನಲ್ಲಿದ್ದ ಕೊರೊನಾ ಸಾವು 12 ಸಾವಿರ. ಉಳಿದ 31 ಸಾವಿರದಲ್ಲಿ ಎಷ್ಟು ಜನ ಕೊರೊನಾದಿಂದ ಹೋದರು, ಎಷ್ಟು ಜನ ಡಯಾಲಿಸಿಸ್ ಸಿಗದೆ, ಬಸ್ ಇಲ್ಲದೆ, ಆಸ್ಪತ್ರೆಗೆ ಹೋಗಲು ಹೆದರಿ ಹೋದರು, ಎಷ್ಟು ಜನ ಬರೀ ನೋಂದಣಿ ಸುಧಾರಿಸಿದ್ದರಿಂದ ಲೆಕ್ಕಕ್ಕೆ ಬಂದರು ಎಂಬುದನ್ನು ರಾಜ್ಯದ ಒಟ್ಟು ಸಂಖ್ಯೆ ಹೇಳುವುದಿಲ್ಲ. ಅದನ್ನು ಹೇಳಬೇಕಾದರೆ ಕೆಳಗೆ, ಊರಿನ ಮಟ್ಟಕ್ಕೆ ಇಳಿಯಬೇಕು.

ಇಳಿದರೆ ಕಷ್ಟ ಶುರುವಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವನ್ನು ಅದು ನಡೆದ ಜಾಗದಲ್ಲಿ ಬರೆಯುತ್ತಾರೆ, ಸತ್ತವರ ಊರಿನಲ್ಲಿ ಅಲ್ಲ. ಶ್ರೀರಂಗಪಟ್ಟಣಕ್ಕೆ ಮೈಸೂರು ಹದಿನೈದು ಕಿಲೋಮೀಟರ್. ಗಂಜಾಂನವರೊಬ್ಬರು ಉಸಿರು ಕಟ್ಟಿ ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ ಅಲ್ಲಿ ತೀರಿಕೊಂಡರೆ ಆ ಸಾವು ಮೈಸೂರಿನದು. ಪಾಂಡವಪುರದವರು ಮಂಡ್ಯದ ಮಿಮ್ಸ್‌ನಲ್ಲಿ ತೀರಿಕೊಂಡರೆ ಮಂಡ್ಯದ್ದು. ನಾಗಮಂಗಲದಲ್ಲಿ ಇದು ತಿರುಗುಮುರುಗು: ಬೆಳ್ಳೂರು ಕ್ರಾಸ್ ಹತ್ತಿರ ಬಿ.ಜಿ.ನಗರದಲ್ಲಿ ಆದಿಚುಂಚನಗಿರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇರುವುದರಿಂದ ಬೇರೆ ತಾಲ್ಲೂಕಿನವರ ಸಾವೂ ಅಲ್ಲೇ ದಾಖಲಾಗುತ್ತದೆ. ರಿಜಿಸ್ಟರ್ ಮಾತ್ರ ನೋಡಿ ಶ್ರೀರಂಗಪಟ್ಟಣದವರು ಗಟ್ಟಿ, ನಾಗಮಂಗಲದವರು ದುರ್ಬಲ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬಂದೀತು, ಉತ್ತರ ಮಾತ್ರ ಸುಳ್ಳು.

ಭಾಗಿಸುವ ಸಂಖ್ಯೆಯೂ ಅಲುಗಾಡುತ್ತದೆ. 2001ರಲ್ಲಿ 17,63,705 ಇದ್ದ ಮಂಡ್ಯ ಜಿಲ್ಲೆಯ ಜನ 2011ರಲ್ಲಿ 18,05,769 ಆದರು. ಹತ್ತು ವರ್ಷಕ್ಕೆ ಶೇ 2.4 ಬೆಳವಣಿಗೆ. ಅದೇ ಹತ್ತು ವರ್ಷದಲ್ಲಿ ರಾಜ್ಯ ಶೇ 15ಕ್ಕಿಂತ ಹೆಚ್ಚು ಬೆಳೆಯಿತು. ಕೆ.ಆರ್.ಪೇಟೆ, ನಾಗಮಂಗಲದ ಹುಡುಗರು ಬೆಂಗಳೂರು, ಮುಂಬೈ ಸೇರುತ್ತಾರೆ. ಊರಿನಲ್ಲಿ ಉಳಿಯುವವರು ಅಜ್ಜ ಅಜ್ಜಿಯರು. ವಯಸ್ಸಾದವರು ಹೆಚ್ಚಿರುವ ಊರಿನಲ್ಲಿ ಕಚ್ಚಾ ಮರಣ ದರ ಹೇಗೂ ಹೆಚ್ಚೇ ಇರುತ್ತದೆ. ಕೊರೊನಾ ಮೊದಲು ಹಿಡಿದದ್ದೂ ಅವರನ್ನೇ. ಸ್ಟ್ಯಾಂಡರ್ಡೈಸ್ಡ್ ಡೆತ್ ರೇಟ್ ಎಂಬ ದೊಡ್ಡ ಲೆಕ್ಕ ಯಾಕೆ ಎಂದು ಕ್ಲಾಸಿನಲ್ಲಿ ಗೊಣಗುತ್ತೇವಲ್ಲ, ಇದಕ್ಕೇ. ವಯಸ್ಸಿನ ಗುಂಪು ಬೇರೆ ಬೇರೆ ಮಾಡದೆ ಕೆ.ಆರ್.ಪೇಟೆಯನ್ನು ಬೆಂಗಳೂರಿನ ಜೊತೆ ಹೋಲಿಸಿದರೆ ರೋಗದ ಕೆಲಸ ಯಾವುದು, ಮುಪ್ಪಿನ ಕೆಲಸ ಯಾವುದು ಎಂದು ಗೊತ್ತಾಗುವುದಿಲ್ಲ.

2020ರ ಮೇ ತಿಂಗಳಲ್ಲಿ ಮುಂಬೈಯಿಂದ ವಾಪಸ್ ಬಂದವರಿಂದಾಗಿ ಕೆ.ಆರ್.ಪೇಟೆಯ ಹೆಸರು ದಿನವೂ ಸುದ್ದಿಯಲ್ಲಿತ್ತು. ಅದಕ್ಕೂ ಮುಂಚೆ ಏಪ್ರಿಲ್‌ನಲ್ಲಿ ಸುದ್ದಿಯಲ್ಲಿದ್ದದ್ದು ನಮ್ಮ ಸಮುದಾಯ. ತಬ್ಲೀಗ್ ಎಂಬ ಪದವನ್ನು ಟಿವಿಯವರು ಬೈಗುಳದ ಹಾಗೆ ಬಳಸಿದ್ದು ನಮಗೆಲ್ಲ ನೆನಪಿದೆ. ಒಂದು ತಿಂಗಳು ಟೋಪಿ ಹಾಕಿದವರಿಂದ ರೋಗ, ಮುಂದಿನ ತಿಂಗಳು ಮುಂಬೈಯವರಿಂದ ರೋಗ. ಬೈದದ್ದರಿಂದ ಸೋಂಕು ಕಡಿಮೆಯಾಗಲಿಲ್ಲ. ಜ್ವರ ಬಂದವರು ಬಾಯಿ ಮುಚ್ಚಿಕೊಂಡು ಮನೆಯಲ್ಲೇ ಉಳಿದರು. ಟೆಸ್ಟ್ ಇಲ್ಲ ಎಂದರೆ ದಾಖಲೆ ಇಲ್ಲ. ಸಾವಿನ ಲೆಕ್ಕ ತಪ್ಪಲು ಬರೀ ಕಚೇರಿಗಳು ಕಾರಣವಲ್ಲ, ಈ ಹೆದರಿಕೆಯೂ ಕಾರಣ.

ಅದರ ಬೆಲೆ ಎಷ್ಟು ಎಂಬುದಕ್ಕೆ ನಮ್ಮ ಬೀದಿಯ ಒಂದು ಮನೆ ಸಾಕು. 2021ರ ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ, ರಾಜ್ಯದಲ್ಲಿ ದಿನಕ್ಕೆ ನಲವತ್ತೈವತ್ತು ಸಾವಿರ ಕೇಸು ಬರುತ್ತಿದ್ದಾಗ, ಆಟೋ ಓಡಿಸುತ್ತಿದ್ದ ಚಾಚಾ ಒಬ್ಬರು ಮನೆಯಲ್ಲೇ ತೀರಿಕೊಂಡರು. ಕೆಮ್ಮು, ಜ್ವರ, ಏದುಸಿರು ಎಲ್ಲವೂ ಇತ್ತು, ಟೆಸ್ಟ್ ಆಗಿರಲಿಲ್ಲ. ಮುಂದೆ ಸುಪ್ರೀಂ ಕೋರ್ಟ್ ಆದೇಶದ ಮೇಲೆ 50 ಸಾವಿರ ರೂಪಾಯಿ ಪರಿಹಾರ ಬಂತು. ನಮ್ಮ ರಾಜ್ಯ ಸರ್ಕಾರ ಬಿಪಿಎಲ್ ಕುಟುಂಬಗಳಿಗೆ 1 ಲಕ್ಷ ಘೋಷಿಸಿತ್ತು. ಚಾಚಿಗೆ ಎರಡೂ ಸಿಗಲಿಲ್ಲ. ಪಾಸಿಟಿವ್ ರಿಪೋರ್ಟ್ ಕೇಳಿದರು, ಇವರ ಹತ್ತಿರ ಇದ್ದದ್ದು ಬರೀ ಮರಣ ಪ್ರಮಾಣಪತ್ರ. ಗುಜರಾತ್‌ನಲ್ಲಿ ಅಧಿಕೃತ ಸಾವು ಸುಮಾರು 10 ಸಾವಿರ ಇದ್ದಾಗ ಪರಿಹಾರಕ್ಕೆ ಬಂದ ಅರ್ಜಿ ಸುಮಾರು 90 ಸಾವಿರ ಎಂದು ಕೋರ್ಟಿನ ಮುಂದೆಯೇ ಹೇಳಲಾಯಿತು. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ಶೇ 22.5 ಮಾತ್ರ. ಆದ್ದರಿಂದಲೇ ಯಾವ ಕಾಯಿಲೆ ಎಂದು ಹುಡುಕುವ ಬದಲು, ಮಾಮೂಲಿ ವರ್ಷಕ್ಕಿಂತ ಎಷ್ಟು ಜನ ಹೆಚ್ಚು ಸತ್ತರು ಎಂದು ಎಣಿಸುವ ವಿಧಾನ ನನಗೆ ಹೆಚ್ಚು ನಂಬಿಕೆಯದು ಅನ್ನಿಸುತ್ತದೆ.

ಇದು ಹೊಸ ಸಮಸ್ಯೆಯೂ ಅಲ್ಲ. 1891ರಲ್ಲಿ 12 ಸಾವಿರ ದಾಟಿದ್ದ ಶ್ರೀರಂಗಪಟ್ಟಣ 1901ರ ಗಣತಿಯಲ್ಲಿ 8,584ಕ್ಕೆ ಇಳಿದಿತ್ತು. ನಡುವೆ, 1898ರಲ್ಲಿ, ಮೈಸೂರು ರಾಜ್ಯಕ್ಕೆ ಪ್ಲೇಗು ಬಂದಿತ್ತು. ಪ್ಲೇಗು ಬಂದರೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕುತ್ತಿದ್ದ ಕಾಲ ಅದು. ಇಲ್ಲವಾದ ಆ ಮೂರೂವರೆ ಸಾವಿರದಲ್ಲಿ ಸತ್ತವರೆಷ್ಟು, ಬಿಟ್ಟು ಹೋದವರೆಷ್ಟು ಎಂದು ಗಣತಿಯ ಒಂದು ಸಂಖ್ಯೆಯಿಂದ ತಿಳಿಯುವುದಿಲ್ಲ.

1918ರ ಇನ್‌ಫ್ಲುಯೆಂಜಾ ಇನ್ನೂ ದೊಡ್ಡದು. ಆಗ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದು ಆದದ್ದು 1939ರಲ್ಲಿ. ನಮ್ಮ ಊರುಗಳೆಲ್ಲ ಮೈಸೂರು ಜಿಲ್ಲೆಯಲ್ಲಿದ್ದವು, ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಕನ್ನಂಬಾಡಿ ಕಟ್ಟೆಯ ಕೆಲಸ ನಡೆಯುತ್ತಿತ್ತು. ಸುಮಾರು 58 ಲಕ್ಷ ಜನರಿದ್ದ ಮೈಸೂರು ರಾಜ್ಯದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಆ ಒಂದೇ ರೋಗಕ್ಕೆ ಬಲಿಯಾದರು. ಸಾವಿರಕ್ಕೆ 25ಕ್ಕಿಂತ ಹೆಚ್ಚು, ಅದೂ ಹೆಚ್ಚಿನವರು ಕೆಲವೇ ತಿಂಗಳಲ್ಲಿ. ಈಗ ನಮ್ಮ ರಾಜ್ಯದಲ್ಲಿ ಎಲ್ಲ ಕಾರಣಗಳೂ ಸೇರಿ ಮಾಮೂಲಿ ವರ್ಷಕ್ಕೆ ಸಾವಿರಕ್ಕೆ ಆರೇಳು. ಕೊರೊನಾ ಮುದುಕರನ್ನು ಹುಡುಕಿದರೆ ಆ ಜ್ವರ ಇಪ್ಪತ್ತರಿಂದ ನಲವತ್ತರವರನ್ನು, ಅದರಲ್ಲೂ ಬಸುರಿಯರನ್ನು ಹಿಡಿಯಿತು. ದುಡಿಯುವವರು ಹೋದರು, ಮರುವರ್ಷ ಹುಟ್ಟುವ ಮಕ್ಕಳೂ ಕಡಿಮೆಯಾದರು. ಇಡೀ ಭಾರತದ ಜನಸಂಖ್ಯೆ 1911ರಿಂದ 1921ರ ನಡುವೆ ಬೆಳೆಯುವ ಬದಲು ಸ್ವಲ್ಪ ಕುಗ್ಗಿತು. ಭಾರತದಲ್ಲಿ ಸತ್ತವರು 60 ಲಕ್ಷ ಎಂದು ಆಗಿನ ಸರ್ಕಾರ ಮೊದಲು ಹೇಳಿತು. ಈಚಿನವರ ಅಂದಾಜುಗಳು 1.2 ಕೋಟಿಯಿಂದ 1.8 ಕೋಟಿಯವರೆಗೆ ಇವೆ. ಎಣಿಸಬೇಕಾದವರೇ ಹಾಸಿಗೆ ಹಿಡಿದಾಗ ಪುಸ್ತಕ ಖಾಲಿ ಉಳಿಯಿತು.

ಮನೆಯಲ್ಲಿ ಈ ವಿಷಯ ಎತ್ತಿದಾಗ ದಾದಿ ಹೇಳಿದ್ದು, ಮೌತ್ ಅಲ್ಲಾಹನ ಕೈಯಲ್ಲಿದೆ ಬೇಟಾ, ಲೆಕ್ಕ ಇಟ್ಟು ಏನು ಮಾಡ್ತೀಯ ಎಂದು. ಈ ಮಾತನ್ನು ಹಲವರು ಹೇಳುತ್ತಾರೆ, ನಂಬಿಕೆಯಿಂದಲೇ ಹೇಳುತ್ತಾರೆ. ಆದರೆ ಶಾಮ್ ದೇಶದ ಅಮ್ವಾಸ್ ಪ್ಲೇಗಿನ ಸಮಯದಲ್ಲಿ ಹಜ್ರತ್ ಉಮರ್ (ರ) ಸರ್ಗ್‌ವರೆಗೆ ಹೋಗಿದ್ದವರು ಸಹಾಬಿಗಳ ಜೊತೆ ಸಮಾಲೋಚಿಸಿ ಹಿಂದಿರುಗಿದರು. ರೋಗ ಇರುವ ಊರಿಗೆ ಹೋಗಬೇಡಿ, ಅಲ್ಲಿರುವವರು ಓಡಿ ಬರಬೇಡಿ ಎಂಬ ಹದೀಸ್ ಅಲ್ಲಿ ನೆನಪಿಸಲ್ಪಟ್ಟಿತು. ಅದೇ ಹಜ್ರತ್ ಉಮರ್ (ರ) ದಿವಾನ್ ಶುರು ಮಾಡಿದವರು. ಯಾರಿಗೆ ಎಷ್ಟು ಭತ್ಯೆ ಸಲ್ಲಬೇಕು ಎಂದು ಜನರ ಹೆಸರುಗಳನ್ನು ಪುಸ್ತಕದಲ್ಲಿ ಬರೆಸಿದರು. ತಕ್ದೀರ್ ನಂಬಿದವರು ರಿಜಿಸ್ಟರ್ ಇಡಬಾರದು ಎಂದು ನಾನು ಎಲ್ಲೂ ಓದಿಲ್ಲ.

ನಮ್ಮ ಹತ್ತಿರ ಒಂದು ದಾಖಲೆ ಇದೆ, ಅದರ ಬೆಲೆ ನಮಗೇ ತಿಳಿದಿಲ್ಲ: ಖಬರಸ್ತಾನದ ಪುಸ್ತಕ. ಆಸ್ಪತ್ರೆ ಮೈಸೂರಿನದ್ದಾದರೂ ಮಯ್ಯಿತ್ ಸಾಮಾನ್ಯವಾಗಿ ಊರಿಗೇ ಬರುತ್ತದೆ. ಜಮಾತಿನವರು ಪುಸ್ತಕ ಇಟ್ಟಿದ್ದರೆ ಅದರಲ್ಲಿ ದಫನ್ ಆದ ದಿನ, ತಂದೆ ಅಥವಾ ಗಂಡನ ಹೆಸರು, ಕೆಲವು ಕಡೆ ವಯಸ್ಸೂ ಇರುತ್ತದೆ. ಸರ್ಕಾರದ ರಿಜಿಸ್ಟರಿನಲ್ಲಿ ಮೈಸೂರಿಗೆ ಹೋದ ಶ್ರೀರಂಗಪಟ್ಟಣದವರು ಇಲ್ಲಿ ವಾಪಸ್ ಸಿಗುತ್ತಾರೆ. ಹೆಂಗಸರ ಲೆಕ್ಕಕ್ಕೂ ಇದು ಬೇಕು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಹೆಂಗಸರದು ಶೇ 39.8 ಮಾತ್ರ. ಆಸ್ತಿ ಹೆಸರಿನಲ್ಲಿಲ್ಲ, ಬ್ಯಾಂಕ್ ಖಾತೆ ಇಲ್ಲ, ಪೆನ್ಷನ್ ಇಲ್ಲ, ಹಾಗಾದರೆ ಸರ್ಟಿಫಿಕೇಟ್ ಯಾಕೆ ಎಂದು ಮನೆಯವರು ಬಿಡುತ್ತಾರೆ. ಜನಾಝಾ ಮಾತ್ರ ಯಾರನ್ನೂ ಬಿಡುವುದಿಲ್ಲ.

ಖಬರಸ್ತಾನದ ಪುಸ್ತಕ ಮುಸ್ಲಿಮರದ್ದು ಮಾತ್ರ, ಇಡೀ ತಾಲ್ಲೂಕಿನದಲ್ಲ, ನಿಜ. ಬೇರೆಯವರ ಊರುಗಳಿಗೆ ಗ್ರಾಮ ಪಂಚಾಯಿತಿಯ ದಾಖಲೆ, ಆಶಾ ಕಾರ್ಯಕರ್ತೆಯರ ಡೈರಿ, ಮನೆ ಮನೆಯ ವಿಚಾರಣೆ ಬೇಕು. ನಮ್ಮ ಕಾಲೇಜಿನಲ್ಲಿ ಎಲ್ಲ ಸಮುದಾಯದ ಗೆಳೆಯರೂ ಓದುತ್ತಿದ್ದಾರೆ, ಅವರವರ ಹಳ್ಳಿಯಲ್ಲಿ ಅವರಿಗೆ ಬಾಗಿಲು ತೆರೆಯುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ದಸರಾ ರಜೆಯಲ್ಲಿ ಪ್ರತಿ ತಾಲ್ಲೂಕಿನಿಂದ ಐದು ಜನ, ಒಬ್ಬ ಉಪನ್ಯಾಸಕರು. ಪ್ರಾಂಶುಪಾಲರ ಪತ್ರ ಹಿಡಿದು ಮುತವಲ್ಲಿಗಳನ್ನು, ಪಂಚಾಯಿತಿಯವರನ್ನು ಕಾಣಬೇಕು. 2017ರಿಂದ 2022ರವರೆಗೆ ತಿಂಗಳು, ವಯಸ್ಸು, ಗಂಡೋ ಹೆಣ್ಣೋ, ಸತ್ತದ್ದು ಮನೆಯಲ್ಲೋ ಆಸ್ಪತ್ರೆಯಲ್ಲೋ, ಇಷ್ಟನ್ನೇ ಬರೆದುಕೊಳ್ಳಬೇಕು. ಹೆಸರು ಬೇಡ, ಕಾಯಿಲೆಯ ಮಾತು ಎತ್ತುವುದೇ ಬೇಡ. ಮೊದಲ ಮೂರು ವರ್ಷಗಳ ಸರಾಸರಿ ತೆಗೆದರೆ ಮಾಮೂಲಿ ವರ್ಷ ಸಿಗುತ್ತದೆ. 2020, 2021 ಅದಕ್ಕಿಂತ ಎಷ್ಟು ಮೇಲಿವೆ ಎಂದು ತಿಂಗಳವಾರು ಗ್ರಾಫ್ ಹಾಕಬಹುದು.

ಸಾವನ್ನು ಬರೆಸದ ಮನೆ ಸಿಕ್ಕರೆ ಅವರಿಗೆ ದಾರಿ ಹೇಳುವ ಕೆಲಸವೂ ಜೊತೆಗೇ ಆಗಲಿ. ಸಾವಾದ 21 ದಿನದೊಳಗೆ ಬರೆಸಿದರೆ ತೊಂದರೆ ಇಲ್ಲ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ತಡವಾದಷ್ಟೂ ಓಡಾಟ ಹೆಚ್ಚು. ಸೇರಲು ಇಷ್ಟ ಇರುವವರು ಸ್ಟಾಟಿಸ್ಟಿಕ್ಸ್ ವಿಭಾಗದ ಬಾಗಿಲಿನ ಪಕ್ಕದಲ್ಲಿ ಅಂಟಿಸಿರುವ ಹಾಳೆಯಲ್ಲಿ ಹೆಸರು, ತಾಲ್ಲೂಕು ಬರೆಯಿರಿ. ಇವತ್ತಿನವರೆಗೆ ಶ್ರೀರಂಗಪಟ್ಟಣದಿಂದ ಏಳು, ಪಾಂಡವಪುರದಿಂದ ನಾಲ್ಕು, ನಾಗಮಂಗಲದಿಂದ ಎರಡು ಹೆಸರು ಬಂದಿವೆ. ಕೆ.ಆರ್.ಪೇಟೆಯವರು ಯಾರೂ ಬರೆದಿಲ್ಲ.