ಬಹುರೂಪಿ ಅಲೆಕ್ ಗಿನ್ನೆಸ್

ಮಾಗಡಿಯ ಸಾವನದುರ್ಗ, ರಾಮನಗರದ ಬೆಟ್ಟಗಳು ಎಂದೊಡನೆ ಹೊರನಾಡಿನಲ್ಲಿರುವ ನಮ್ಮ ವಾಚಕರಲ್ಲಿ ಅನೇಕರಿಗೆ ತೌರಿನ ನೆನಪು ಬರುವುದು ಸಹಜ. ರಾಮನಗರವೆಂದರೆ ‘ಶೋಲೆ’ ಎಂದು ಇಲ್ಲಿಯ ಹಿಂದೀ ಮಿತ್ರರು ನಮಗೇ ತಿಳಿಸಿಕೊಡುವುದುಂಟು. ಆದರೆ ಅದೇ ಸೀಮೆಯ ಬಂಡೆಗಳ ನಡುವೆ ಇನ್ನೊಂದು ಚಿತ್ರವೂ ತಯಾರಾಯಿತೆಂಬುದು ಎಲ್ಲರ ಗಮನಕ್ಕೂ ಬಂದಿರಲಾರದು. ಇ. ಎಂ. ಫಾರ್ಸ್ಟರರ 1924ರ ಕಾದಂಬರಿ ‘ಎ ಪ್ಯಾಸೇಜ್ ಟು ಇಂಡಿಯಾ’ವನ್ನು ಡೇವಿಡ್ ಲೀನ್ ತೆರೆಗೆ ತಂದಾಗ, ಬೆಂಗಳೂರಿನಲ್ಲಿ ಬೀಡುಬಿಟ್ಟು, ಕಥೆಯಲ್ಲಿ ಬರುವ ಗುಹೆಗಳ ಬೆಟ್ಟವನ್ನು ನಮ್ಮ ಈ ಬೆಟ್ಟಗಳಲ್ಲಿ ಕಂಡುಕೊಂಡರು. 1984ರಲ್ಲಿ ಬಿಡುಗಡೆಯಾದ ಆ ಚಿತ್ರದಲ್ಲಿ ಪ್ರೊಫೆಸರ್ ಗೋಡಬೋಲೆ ಎಂಬ ದಖ್ಖನದ ಬ್ರಾಹ್ಮಣನೊಬ್ಬನಿದ್ದಾನೆ. ಮುಖಕ್ಕೆ ಕಂದುಬಣ್ಣ ಹಚ್ಚಿ, ತಲೆಗೆ ಪೇಟವಿಟ್ಟು ಆ ವೇಷ ಕಟ್ಟಿದವರು ಲಂಡನ್ನಿನಲ್ಲಿ ಹುಟ್ಟಿದ ಸರ್ ಅಲೆಕ್ ಗಿನ್ನೆಸ್.

ಇನ್ನೊಬ್ಬನಾಗುವ ವಿದ್ಯೆಯಲ್ಲಿ ಬಾಳು ಸವೆಸಿದವರು ಅವರು. ಆ ವಿದ್ಯೆ ಎಲ್ಲಿ ಫಲಿಸಿತು, ಎಲ್ಲಿ ಸೋತಿತು ಎಂಬುದನ್ನು ಈ ಸಲ ನೋಡೋಣ.

ಗಿನ್ನೆಸ್ ಹುಟ್ಟಿದ್ದು 1914ರ ಏಪ್ರಿಲ್ 2ರಂದು. ಜನನಪತ್ರದಲ್ಲಿ ತಂದೆಯ ಹೆಸರಿನ ಜಾಗ ಖಾಲಿಯಾಗಿತ್ತು. ಹದಿನಾಲ್ಕು ವರ್ಷ ತುಂಬುವಷ್ಟರಲ್ಲಿ ಹುಡುಗನಿಗೆ ಮೂರು ಹೆಸರುಗಳಾಗಿದ್ದುವು. ತಾನು ಯಾರೆಂಬುದೇ ಗೊತ್ತಿಲ್ಲದವನು ಬೇರೆಯವರಾಗಲು ಹೊರಟದ್ದರಲ್ಲಿ ಆಶ್ಚರ್ಯವೇನಿದೆ? ಶಾಲೆ ಮುಗಿಸಿದ ಮೇಲೆ ಜಾಹೀರಾತಿನ ಕಚೇರಿಯೊಂದರಲ್ಲಿ ಒಕ್ಕಣೆ ಬರೆಯುವ ಕೆಲಸ. ಮನಸ್ಸೆಲ್ಲ ನಾಟಕಶಾಲೆಯ ಕಡೆಗೆ. 1934ರಲ್ಲಿ ರಂಗ ಹತ್ತಿದರು. ಆಗಲೇ ಹೆಸರಾಂತ ನಟರಾಗಿದ್ದ ಜಾನ್ ಗಿಲ್ಗುಡ್ ಇವರಲ್ಲಿದ್ದ ಕಸುವನ್ನು ಗುರುತಿಸಿ, ತಮ್ಮ ‘ಹ್ಯಾಮ್ಲೆಟ್’ನಲ್ಲಿ ಸಣ್ಣ ಪಾತ್ರವೊಂದನ್ನು ಕೊಟ್ಟರು. ನಾಲ್ಕೇ ವರ್ಷಗಳಲ್ಲಿ, 1938ರಲ್ಲಿ, ಓಲ್ಡ್ ವಿಕ್ ರಂಗಮಂದಿರದಲ್ಲಿ ಗಿನ್ನೆಸ್ ಸ್ವತಃ ಹ್ಯಾಮ್ಲೆಟ್ ಆದರು. ಅದೇ ವರ್ಷ ನಟಿ ಮೆರುಲಾ ಸಾಲಮನ್‌ರ ಕೈಹಿಡಿದರು. ಯುದ್ಧಕಾಲದಲ್ಲಿ ನೌಕಾದಳ ಸೇರಿ, 1943ರಲ್ಲಿ ಸಿಸಿಲಿಯ ದಂಡೆಗೆ ಸೈನಿಕರನ್ನಿಳಿಸುವ ದೋಣಿಯೊಂದರ ನಾಯಕರಾಗಿ ದುಡಿದರು.

ಯುದ್ಧ ಮುಗಿದ ಮೇಲೆ ಚಿತ್ರರಂಗ ಕರೆಯಿತು. 1949ರ ‘ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್’ ಚಿತ್ರದಲ್ಲಿ ಒಂದೇ ಮನೆತನದ ಎಂಟು ಮಂದಿ ಇವರೊಬ್ಬರೇ! ಪಾದ್ರಿಯೂ ಇವರೇ, ನೌಕಾಪತಿಯೂ ಇವರೇ, ಹಟಮಾರಿ ಹೆಂಗಸೂ ಇವರೇ. ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಬಣ್ಣಗಾರನ ಕೈಚಳಕವೇ ಇದಕ್ಕೆಲ್ಲ ಕಾರಣವೆಂದು ತಿಳಿದರೆ ತಪ್ಪಾದೀತು. ಪಾತ್ರದ ನಡಿಗೆ ಕಾಲಿಗೆ ಸಿಕ್ಕಿತೆಂದರೆ ಮಿಕ್ಕದ್ದು ಹಿಂದೆಯೇ ಬರುತ್ತದೆಂಬುದು ಇವರ ನಂಬಿಕೆ.

ಇದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಗಿನ್ನೆಸ್ ದಂಪತಿಗಳ ಒಬ್ಬನೇ ಮಗ ಮ್ಯಾಥ್ಯೂ. ಹನ್ನೊಂದನೆಯ ವಯಸ್ಸಿನಲ್ಲಿ ಅವನಿಗೆ ಪೋಲಿಯೋ ತಗಲಿ ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ದೇವರ ದಯೆ, ಮಗು ಮತ್ತೆ ನಡೆಯಿತು. ಕಾಲುಗಳು ಒಂದು ಕಡೆಗೆಳೆದರೆ ಮೈ ಇನ್ನೊಂದು ಕಡೆಗೆ ವಾಲುವ ಆ ಮೊದಲ ಹೆಜ್ಜೆಗಳನ್ನು ತಂದೆ ಕಣ್ತುಂಬ ನೋಡಿದ್ದರು. ಮುಂದೆ ‘ದಿ ಬ್ರಿಜ್ ಆನ್ ದಿ ರಿವರ್ ಕ್ವಾಯ್’ (1957) ಚಿತ್ರಕ್ಕಾಗಿ ಸಿಂಹಳದಲ್ಲಿ ನಟಿಸುವಾಗ ಆ ನೋಟ ಕೆಲಸಕ್ಕೆ ಬಂತು. ಜಪಾನೀಯರ ಸೆರೆಯಾಳಾದ ಕರ್ನಲ್ ನಿಕಲ್ಸನ್, ಬಿಸಿಲಿಗೆ ಕಾದ ತಗಡಿನ ಗೂಡಿನಿಂದ ಹೊರಬಂದು, ಬಿದ್ದೇನೆಂಬ ಕಾಲುಗಳನ್ನು ಛಲದಿಂದ ನಿಲ್ಲಿಸಿಕೊಂಡು ನಡೆಯುವ ದೃಶ್ಯವೊಂದಿದೆ. ಅದು ಮಗನ ನಡಿಗೆ. ಆ ಚಿತ್ರಕ್ಕೆ ಇವರಿಗೆ ಶ್ರೇಷ್ಠ ನಟನ ಆಸ್ಕರ್ ಬಂತು. 1959ರಲ್ಲಿ ‘ಸರ್’ ಪದವಿ ಬಂತು. ಆದರೆ ಆ ನಾಲ್ಕು ಹೆಜ್ಜೆಗಳ ಬೆಲೆಯನ್ನು ಮಕ್ಕಳ ಕಾಯಿಲೆ ಕಂಡ ತಾಯ್ತಂದೆಯರೇ ಬಲ್ಲರು.

ವೇಷದ ಬಲವನ್ನು ಹೇಳುವ ಇನ್ನೊಂದು ಪ್ರಸಂಗವನ್ನು ಗಿನ್ನೆಸ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. 1954ರ ‘ಫಾದರ್ ಬ್ರೌನ್’ ಚಿತ್ರಕ್ಕಾಗಿ ಫ್ರಾನ್ಸಿನ ಹಳ್ಳಿಯೊಂದರಲ್ಲಿದ್ದಾಗ, ಒಂದು ಸಂಜೆ ಪಾದ್ರಿಯ ನಿಲುವಂಗಿಯಲ್ಲೇ ಬಿಡಾರಕ್ಕೆ ನಡೆದುಹೋಗುತ್ತಿದ್ದರಂತೆ. ಗುರುತಿಲ್ಲದ ಪುಟ್ಟ ಹುಡುಗನೊಬ್ಬ ಓಡಿಬಂದು ಕೈಹಿಡಿದು, ಏನೇನೋ ಹರಟುತ್ತ ಸ್ವಲ್ಪ ದೂರ ಜೊತೆಗೆ ಬಂದು, ನಮಸ್ಕರಿಸಿ ಹೊರಟುಹೋದ. ಒಂದು ಬಟ್ಟೆಯ ಮೇಲೆ ಮಗುವಿಗೆ ಇಷ್ಟು ನಂಬಿಕೆಯೇ ಎಂದು ಇವರ ಮನಸ್ಸು ಕರಗಿತು. ಎರಡು ವರ್ಷಗಳ ತರುವಾಯ ಗಿನ್ನೆಸ್ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದರು.

1977ರ ‘ಸ್ಟಾರ್ ವಾರ್ಸ್’ ಚಿತ್ರದ ಲಾಭದಲ್ಲಿ ಪಾಲು ದೊರೆತು ಸಿರಿವಂತರಾದರೂ, ಆ ಖ್ಯಾತಿ ಅವರಿಗೆ ಬೇಸರವನ್ನೇ ತಂದಿತು. ಅದಕ್ಕಿಂತ 1979ರಲ್ಲಿ ಬಿಬಿಸಿ ದೂರದರ್ಶನಕ್ಕಾಗಿ ಮಾಡಿದ ಬೇಹುಗಾರ ಸ್ಮೈಲಿಯ ಪಾತ್ರವೇ ನಮಗೆ ಹೆಚ್ಚು ಮೆಚ್ಚು. ಅದಕ್ಕೆ ಮುನ್ನ, ನಿಜವಾದ ಗೂಢಚಾರ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರಿಸ್ ಓಲ್ಡ್‌ಫೀಲ್ಡ್‌ರೊಡನೆ ಊಟಕ್ಕೆ ಕುಳಿತು ಅವರ ಹಾವಭಾವಗಳನ್ನು ಕಣ್ಣಿಟ್ಟು ನೋಡಿದರು. ಎಂಟು ವೇಷ ಹಾಕಿದವರು ಇಲ್ಲಿ ಕನ್ನಡಕ ಒರೆಸುತ್ತ ಸುಮ್ಮನೆ ಕುಳಿತೇ ಗೆದ್ದರು.

ಇನ್ನು ಸೋಲಿನ ಮಾತು. 1948ರ ‘ಆಲಿವರ್ ಟ್ವಿಸ್ಟ್’ನಲ್ಲಿ ಯಹೂದಿ ಫೇಗಿನ್ನನಿಗಾಗಿ, ಕಾದಂಬರಿಯ ಹಳೆಯ ಚಿತ್ರಗಳನ್ನು ನೋಡಿ ಗಿನ್ನೆಸ್ ದೊಡ್ಡ ಕೊಕ್ಕೆಮೂಗು ಅಂಟಿಸಿಕೊಂಡಿದ್ದರು. ಲಕ್ಷೋಪಲಕ್ಷ ಯಹೂದಿಗಳ ಕೊಲೆಯಾಗಿ ಮೂರು ವರ್ಷವಷ್ಟೇ ಆಗಿತ್ತು. ಬರ್ಲಿನ್ನಿನಲ್ಲಿ ಪ್ರತಿಭಟನೆಯಾಯಿತು, ಅಮೆರಿಕದಲ್ಲಿ 1951ರಲ್ಲಿ, ಅದೂ ಕತ್ತರಿಸಿದ ಮೇಲೆ, ಚಿತ್ರ ಹೊರಬಂತು. ಮೂವತ್ತಾರು ವರ್ಷಗಳ ಮೇಲೆ ಅದೇ ಲೀನ್, ಅದೇ ಗಿನ್ನೆಸ್, ಬೆಂಗಳೂರಿನಲ್ಲಿ ಗೋಡಬೋಲೆ! ಚಿತ್ರದಲ್ಲಿ ವಿಕ್ಟರ್ ಬ್ಯಾನರ್ಜಿಯವರ ಅಜೀಜ್ ಉಸಿರಾಡುತ್ತಾನೆ. ಪಕ್ಕದಲ್ಲಿ ಗೋಡಬೋಲೆ ಮಾತ್ರ ವೇಷವಾಗಿಯೇ ಉಳಿಯುತ್ತಾನೆ. ಗಿನ್ನೆಸ್ ಶ್ರಮವಹಿಸಿ ಕಲಿತ ಕುಣಿತವನ್ನೂ ಲೀನ್ ಕತ್ತರಿಸಿಹಾಕಿದರು. ಇಬ್ಬರೂ ಕೂಡಿ ಮಾಡಿದ ಆರು ಚಿತ್ರಗಳಲ್ಲಿ ಅದೇ ಕಡೆಯದು.

ಪುಣೆ ಮುಂಬಯಿಗಳಲ್ಲಿರುವ ನಮಗೆ ಗೋಡಬೋಲೆ ಎಂಬುದು ನೆರೆಮನೆಯ ಹೆಸರು. ಅಂಥವರ ಮನೆಯ ಜಗಲಿಯಲ್ಲಿ ಕುಳಿತವರಿಗೆ ಈ ಪಾತ್ರದಲ್ಲಿ ಇಲ್ಲದ್ದೇನೆಂದು ಥಟ್ಟನೆ ತಿಳಿಯುತ್ತದೆ. ಮಗನ ನಡಿಗೆ ತಂದೆಗೆ ಗೊತ್ತಿತ್ತು. ಗೋಡಬೋಲೆಯ ನಡಿಗೆ ಗೊತ್ತಿರಲಿಲ್ಲ. ಬಣ್ಣವೊಂದಿತ್ತು.

ಹಿಂದೀ ಚಿತ್ರಗಳಲ್ಲಿ ದಕ್ಷಿಣದವರನ್ನೆಲ್ಲ ಒಂದೇ ಅಚ್ಚಿನ ‘ಮದ್ರಾಸಿ’ಯಾಗಿ ಕಂಡು ನಾವೂ ಮುಖ ಸಿಂಡರಿಸಿದವರೇ. ಆದರೆ ನಮ್ಮ ಸಂಘಗಳ ಪ್ರಹಸನಗಳಲ್ಲಿ ನಗೆಗಾಗಿ ಸೇಠಜಿಯನ್ನೋ ಮನೆಗೆಲಸದ ಬಾಯಿಯನ್ನೋ ರಂಗಕ್ಕೆ ತರುವಾಗ ನಾವು ಮಾಡುವುದೇನು? ಅವರ ಒಂದು ತಪ್ಪು ಉಚ್ಚಾರವನ್ನು ಹಿಡಿದು ಎಳೆಯುತ್ತೇವೆ, ಅಷ್ಟೇ.

2000ದ ಆಗಸ್ಟ್ 5ರಂದು ಗಿನ್ನೆಸ್ ತೀರಿಕೊಂಡರು. ಮೂರು ತಿಂಗಳೊಳಗೆ ಮೆರುಲಾ ಕೂಡ ಹೊರಟುಹೋದರು. ಬರುವ ರಾಜ್ಯೋತ್ಸವದ ನಾಟಕಕ್ಕೆ ತಾಲೀಮು ಮಾಡುವ ತರುಣರು, ಬಣ್ಣದ ಪೆಟ್ಟಿಗೆ ತೆರೆಯುವ ಮುನ್ನ, ತಮ್ಮ ಪಾತ್ರದವನು ಹೇಗೆ ನಡೆಯುತ್ತಾನೆಂದು ಒಂದು ವಾರ ನೋಡಿ ಬರಲೆಂದು ನಮ್ಮ ಕೋರಿಕೆ.