ಹಾವಿಗೂ ಒಂದು ಹುತ್ತ ಬೇಡವೇ?

‘ಅಮ್ಮಾ, ನಾವಿರೋ ಮನೇಲಿ ಒಂದು ಹಾವಿದೆ’ ಎಂದು ಹೇಳಿದ ದಿನ ಅಮ್ಮ ಅರ್ಧ ನಿಮಿಷ ಮಾತೇ ಆಡಲಿಲ್ಲ. ಓದಲೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಹೋದ ಮಗಳು ಹಾವಿನ ಜೊತೆ ಒಂದೇ ಸೂರಿನಡಿ ಇದ್ದಾಳೆ ಎಂದರೆ ತಿಪಟೂರಿನಲ್ಲಿರುವ ತಾಯಿಗೆ ನಿದ್ದೆ ಹೇಗೆ ಬರಬೇಕು?

ಹಾವು ನನ್ನದಲ್ಲ, ನನ್ನ ಹೌಸ್‌ಮೇಟ್‌ನದು. ಹೆಸರು ಜಿಂಜರ್. ಅಮೆರಿಕದ ಆಗ್ನೇಯ ಭಾಗದ ಕಾರ್ನ್ ಸ್ನೇಕ್. ವಿಷವಿಲ್ಲ, ಇಲಿಯೇ ಆಹಾರ. ನಮ್ಮ ಕೇರೆಹಾವಿನ ದೂರದ ನೆಂಟ ಅನ್ನಬಹುದು. ಬ್ರಿಟನ್ನಿನಲ್ಲಿ ಇದನ್ನು ಸಾಕಲು ಲೈಸೆನ್ಸ್ ಕೂಡ ಬೇಕಿಲ್ಲ.

ಜಿಂಜರ್ ಇದ್ದದ್ದು ಹಾಲ್‌ನಲ್ಲಿ, ನಾಲ್ಕೂ ಕಡೆ ಗಾಜು, ಮೇಲೆ ಜಾಲರಿ ಮುಚ್ಚಳವಿದ್ದ ಪೆಟ್ಟಿಗೆಯಲ್ಲಿ. ಮನೆಗೆ ಬಂದವರೆಲ್ಲ ಮೊದಲು ಮೊಬೈಲ್ ತೆಗೆಯುತ್ತಿದ್ದುದು ಅದರ ಮುಂದೆಯೇ. ನನಗೂ ಗಾಜಿನ ಪೆಟ್ಟಿಗೆಯೇ ಸರಿ ಅನ್ನಿಸಿತ್ತು. ಹಾವು ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತಿದ್ದರೆ ನನಗೆ ಧೈರ್ಯ, ಅಷ್ಟೇ! ಅದು ಗಾಜಿಗೆ ಮೂಗು ಉಜ್ಜುತ್ತಾ ಮೂಲೆಯಿಂದ ಮೂಲೆಗೆ ಹರಿದಾಡುವುದನ್ನು ಕಂಡು ‘ಆಟ ಆಡ್ತಿದೆ’ ಎಂದುಕೊಂಡಿದ್ದೆ.

ಕ್ರಿಸ್‌ಮಸ್ ರಜೆಗೆ ಹೌಸ್‌ಮೇಟ್ ಊರಿಗೆ ಹೋದಾಗ ಹಾವಿನ ಜವಾಬ್ದಾರಿ ನನ್ನ ತಲೆಗೆ ಬಂತು. ಬಿಲ್ ಉಳಿಸಲು ರಾತ್ರಿ ಹೀಟರ್ ಆರಿಸುವುದು ನಮ್ಮ ಮನೆಯ ಪದ್ಧತಿ. ಪೆಟ್ಟಿಗೆಯ ಒಂದು ತುದಿ ಸುಮಾರು 30 ಡಿಗ್ರಿ, ಇನ್ನೊಂದು ತುದಿ 24 ಡಿಗ್ರಿ ಇರಬೇಕೆಂದು ಅವಳು ಬರೆದಿಟ್ಟಿದ್ದಳು. ಒಂದು ಬೆಳಿಗ್ಗೆ ನೋಡಿದರೆ ಬೆಚ್ಚಗಿರಬೇಕಾದ ತುದಿಯಲ್ಲೇ 21! ಎರಡು ದಿನದ ಹಿಂದೆ ನುಂಗಿದ್ದ ಇಲಿಯನ್ನು ಜಿಂಜರ್ ಹಾಗೇ ಕಕ್ಕಿತ್ತು. ಹಾವಿಗೆ ಮೈಯ ಶಾಖ ಹೊರಗಿನಿಂದಲೇ ಬರಬೇಕು. ಶಾಖವಿಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಅಡಿಯಲ್ಲಿದ್ದ ಹೀಟ್ ಮ್ಯಾಟ್ ಕೆಲಸ ಮಾಡುತ್ತಲೇ ಇತ್ತು. ಆದರೆ ಅದು ಕೊಟ್ಟ ಬಿಸಿಯೆಲ್ಲ ತೆಳು ಗಾಜಿನಿಂದ, ಜಾಲರಿಯಿಂದ ಸೋರಿಹೋಗಿತ್ತು.

ಗಾಬರಿಯಿಂದ ಅವಳಿಗೆ ಫೋನ್ ಮಾಡಿದೆ. ಅವಳು ಹೇಳಿದಂತೆ ಮೂರು ಕಡೆ ದಪ್ಪ ರಟ್ಟು ಅಂಟಿಸಿದೆ, ಮುಚ್ಚಳವನ್ನು ಅರ್ಧ ಮುಚ್ಚಿದೆ, ಹೀಟರ್ ರಾತ್ರಿಯಿಡೀ ಉರಿಸಿದೆ. ಹತ್ತು ದಿನ ಅದಕ್ಕೆ ಆಹಾರ ಕೊಡುವಂತಿರಲಿಲ್ಲ. ಆ ಹತ್ತು ದಿನ ನನಗೂ ಊಟ ಸೇರಲಿಲ್ಲ. ಆದರೆ ರಟ್ಟು ಹಾಕಿದ ಎರಡೇ ದಿನಕ್ಕೆ ಜಿಂಜರ್ ಗಾಜಿಗೆ ಮೂಗು ಉಜ್ಜುವುದನ್ನು ಬಿಟ್ಟಿತು. ಮುಸ್ಸಂಜೆಗೆ ನಿಧಾನವಾಗಿ ಹೊರಬಂದು, ನೀರು ಕುಡಿದು, ಮತ್ತೆ ಒಳಗೆ ಸೇರಿತು. ಹಿಂದಿನದು ಆಟವಲ್ಲ, ಅಡಗಲು ಜಾಗ ಹುಡುಕುವ ಪರದಾಟ ಎಂದು ನನಗೆ ಆಗ ಅರ್ಥವಾಯಿತು.

ಇದನ್ನೆಲ್ಲ ಹೇಳಿದಾಗ ಅಮ್ಮ ಅಂದದ್ದು ಒಂದೇ ಮಾತು: ‘ಕತ್ತಲೆ, ಬೆಚ್ಚಗಿನ ಜಾಗ ಬೇಕು ಅಂತಾನೇ ಕಣೇ ಅದು ಹುತ್ತ ಸೇರೋದು. ಗಾಜಿನ ಮನೇಲಿ ನಿನ್ನನ್ನ ಕೂರಿಸಿದ್ರೆ ನೀನು ಇರ್ತೀಯಾ?’

ರಜೆ ಮುಗಿದ ಮೇಲೆ ಮರದ ಹಲಗೆಯ ಪೆಟ್ಟಿಗೆ ಬಂತು. ಮೂರು ಕಡೆ ಮರ, ಮುಂದೆ ಮಾತ್ರ ಸರಿಸುವ ಗಾಜು. ಮರ ಶಾಖ ಹಿಡಿದಿಡುತ್ತದೆ, ಕರೆಂಟೂ ಕಡಿಮೆ ಸಾಕು. ಮೂರು ಕಡೆ ಮರೆ ಇರುವುದರಿಂದ ಹಾವಿಗೂ ನೆಮ್ಮದಿ.

ಹಾಗೆಂದು ಮರವೇ ಎಲ್ಲದಕ್ಕೂ ಉತ್ತರ ಎಂದು ನಾನು ವಾದಿಸುವುದಿಲ್ಲ. ಅಮೆಜಾನ್ ಕಾಡಿನ ರೇನ್‌ಬೋ ಬೋವಾದಂತಹ, ಹೆಚ್ಚು ತೇವ ಬೇಡುವ ಹಾವಿಗೆ ಮರ ಆಗಿಬರುವುದಿಲ್ಲ. ಹಲಗೆ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ. ಸಂದುಗಳಲ್ಲಿ ಉಣ್ಣಿಯಂತಹ ಸಣ್ಣ ಹುಳುಗಳು ಸೇರಿಕೊಂಡರೆ ತೆಗೆಯುವುದು ಕಷ್ಟ. ಗಾಜನ್ನಾದರೆ ಒರೆಸಿದರೆ ಮುಗಿಯಿತು. ಯಾವುದೇ ಆದರೂ ಥರ್ಮೋಸ್ಟಾಟ್ ಬೇಕೇ ಬೇಕು, ಒಳಗೆ ಬಲ್ಬ್ ಹಾಕಿದರೆ ಹಾವು ಸುಟ್ಟುಕೊಳ್ಳದಂತೆ ಜಾಲರಿ ಬೇಕು. ಆದರೆ ಲೀಡ್ಸ್‌ನಂತಹ ಚಳಿಯೂರಲ್ಲಿ, ಕಾರ್ನ್ ಸ್ನೇಕ್‌ಗೆ, ನನ್ನ ವೋಟು ಮರಕ್ಕೇ.

‘ಕಾಣಿಸದಿದ್ದರೆ ಸಾಕಿ ಏನು ಪ್ರಯೋಜನ?’ ಎಂದು ಗೆಳೆಯರು ಕೇಳಿದ್ದುಂಟು. ನನ್ನ ಪ್ರಕಾರ ಹಾಗೆ ಕೇಳುವವರು ಹಾವು ಸಾಕಬಾರದು. ಚೆನ್ನಾಗಿ ನೋಡಿಕೊಂಡರೆ ಇದು 15–20 ವರ್ಷ ಬದುಕುತ್ತದೆ. ರೀಲ್ಸ್‌ನ ಹುಚ್ಚು ಅಷ್ಟು ವರ್ಷ ಇರುತ್ತದೆಯೇ? ಇಂಗ್ಲೆಂಡಿನ 2006ರ ಪ್ರಾಣಿ ಕಲ್ಯಾಣ ಕಾಯ್ದೆ ಸಾಕಿದವರ ಮೇಲೆ ಹೊಣೆ ಹೊರಿಸುತ್ತದೆ: ಪ್ರಾಣಿಗೆ ತಕ್ಕ ವಾಸಸ್ಥಳ ಇರಬೇಕು, ಅದು ತನ್ನ ಸಹಜ ರೀತಿಯಲ್ಲಿ ಬದುಕುವಂತಿರಬೇಕು. ಅಡಗಿಕೊಳ್ಳುವುದು ಹಾವಿನ ಸಹಜ ರೀತಿ.

ಇದನ್ನು ಓದಿ ಊರಿನ ಗೆಳೆಯರು ಯಾರೂ ಕೇರೆಹಾವಿಗೆ ಪೆಟ್ಟಿಗೆ ಮಾಡಿಸಲು ಹೊರಡಬೇಡಿ. ನಮ್ಮ ನೆಲದ ಹಾವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅವಕ್ಕೆ ಗಾಜೂ ಬೇಡ, ಮರವೂ ಬೇಡ. ಬೇಲಿಯ ಬುಡದ ಹುತ್ತವನ್ನು ಅಗೆಯದೆ ಬಿಟ್ಟರೆ ಸಾಕು.

ಈಗ ಅಮ್ಮ ಫೋನ್ ಮಾಡಿದಾಗಲೆಲ್ಲ ‘ಊಟ ಆಯ್ತಾ?’ ಎಂದು ಕೇಳುತ್ತಾರೆ. ನನ್ನದಾದ ಮೇಲೆ ಜಿಂಜರ್‌ನದು.