ಬಸಿಗಾಲುವೆ ಮುಚ್ಚಿದವರು ಯಾರು?



ಮುದ್ದೇಬಿಹಾಳ ತಾಲೂಕಿನ ನಮ್ಮೂರಿನಲ್ಲಿ ನಮ್ಮದು ನಾಲ್ಕು ಎಕರೆ ಎರಿ ಹೊಲ. ಹಳ್ಳದ ಕಡೆಗಿನ ಒಂದು ಎಕರೆ ಈಗ ಬೆಳ್ಳಗಾಗಿದೆ. ಬೇಸಿಗೆಯಲ್ಲಿ ಸುಣ್ಣ ಚೆಲ್ಲಿದಂತೆ ಕಾಣುತ್ತದೆ. ನನ್ನ ತಂಗಿ ನೆಕ್ಕಿ ನೋಡಿ "ಉಪ್ಪೈತಿ" ಅಂದಳು. ಜೋಳ ಬಿತ್ತಿದರೆ ಗೇಣುದ್ದ ಎದ್ದು ಒಣಗುತ್ತದೆ. ಇದೇ ಸವಳು-ಜವಳು. ಈ ವರ್ಷ ಅಪ್ಪ ದುಡಿಯಾಕ ಗೋವಾಕ್ಕೆ ಹೋಗಿದ್ದಾನೆ.

ಕೆಲವರು ಕಾಲುವೆ ನೀರೇ ಉಪ್ಪು ಅಂತಾರ. ಅದು ತಪ್ಪು. ಕೃಷ್ಣಾ ನೀರು ಸಿಹಿ. ಉಪ್ಪು ನಮ್ಮ ನೆಲದೊಳಗೇ ಇತ್ತು. ಕಾಲುವೆ ಬರುವ ಮೊದಲೂ ಡೋಣಿ ಹೊಳೆ ನೀರು ಉಪ್ಪೇ ಇತ್ತಲ್ಲವೇ? ಎರಿ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ಹೆಚ್ಚು ನೀರು ಬಿಟ್ಟರೆ ಅಡಿಯ ನೀರಿನ ಮಟ್ಟ ಮೇಲೇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದಂತೆ ಮಣ್ಣು ಆ ನೀರನ್ನು ಎಳೆಯುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ.

ಆಲಮಟ್ಟಿಗೆ 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಈ ಯೋಜನೆ ಮಾಡಿದ್ದು ಜೋಳ, ಕಡಲೆ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಆದರೆ ಕಾಲುವೆ ಸಮೀಪದವರು ಕಬ್ಬು ಹಚ್ಚಿ ರಾತ್ರಿಯೆಲ್ಲ ನೀರು ಬಿಡುತ್ತಾರೆ. ಇಂಡಿ ತಾಲೂಕಿನ ನಮ್ಮ ಮಾಮಾ ತನ್ನ ಹೊಲಕ್ಕೆ ಕಾಲುವೆ ನೀರು ಮುಟ್ಟಿಲ್ಲವೆಂದು ಬೈಯುತ್ತಾನೆ. ಅವನಿಗೆ ಇಲ್ಲದ ನೀರು ನಮ್ಮ ಹೊಲ ಕೆಡಿಸುತ್ತದೆ!

ಅಚ್ಚುಕಟ್ಟು ಅಭಿವೃದ್ಧಿ ಕಾರ್ಯಕ್ರಮ ನಮ್ಮ ದೇಶದಲ್ಲಿ 1974-75ರಲ್ಲೇ ಶುರುವಾಯಿತು. ನಮ್ಮ ಕಡೆಗೆ ಭೀಮರಾಯನಗುಡಿಯಲ್ಲಿ ಕಾಡಾ ಕಚೇರಿ ಇದೆ. ಹೊಲಗಾಲುವೆ ಮಾಡುವುದು, ಬಸಿಗಾಲುವೆ ತೋಡುವುದು, ಸವಳು ಭೂಮಿ ಸುಧಾರಿಸುವುದು ಕಾಡಾದ ಕೆಲಸ. ನೆಲದೊಳಗೆ ತೂತಿನ ಪೈಪು ಹೂಳಿ ಉಪ್ಪುನೀರನ್ನು ಹಳ್ಳಕ್ಕೆ ಬಿಡುವ ಪದ್ಧತಿಯೂ ಇದೆ. ಒಂದು ಲಾರಿ ಜಿಪ್ಸಂ ಚೆಲ್ಲಿದರೆ ಸಾಕು ಅನ್ನುವವರಿದ್ದಾರೆ. ತೊಳೆದ ಉಪ್ಪು ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಜಿಪ್ಸಂ ಏನು ಮಾಡೀತು?

ನಮ್ಮ ಹೊಲದ ಬದಿಗೂ ಒಂದು ಬಸಿಗಾಲುವೆ ಇದೆ, ನಾನು ಹುಟ್ಟುವ ಮೊದಲು ತೋಡಿದ್ದು. ಮೇಲಿನ ಹೊಲದವರು ಅರ್ಧ ಮುಚ್ಚಿ ನೇಗಿಲು ಹೊಡೆದರು. ಉಳಿದದ್ದರಲ್ಲಿ ಜಾಲಿ ಬೆಳೆದಿದೆ. ನಿಜ ಹೇಳುತ್ತೇನೆ, ನಮ್ಮ ಅಜ್ಜನೂ ಅದರೊಳಗೆ ಎರಡು ಸಾಲು ತೊಗರಿ ಬಿತ್ತಿದ್ದಾನೆ. ಕೇಳಿದರೆ "ಸುಮ್ನ ಬಿದ್ದ ಜಾಗ, ಯಾಕ ಬಿಡೂದು?" ಅಂದ. ಕಟ್ಟೆಯ ಮೇಲೆ ಕೂತು ಸರಕಾರ ಏನೂ ಮಾಡಲಿಲ್ಲ ಅನ್ನುವವರಲ್ಲಿ ಅಜ್ಜನೇ ಮೊದಲಿಗ.

ನನ್ನ ಅಭಿಪ್ರಾಯ ಹೀಗಿದೆ. ಒಬ್ಬೊಬ್ಬರ ಹೊಲ ಸುಧಾರಿಸಿದರೆ ಆಗುವುದಿಲ್ಲ, ಮೇಲಿನ ನೀರು ಮತ್ತೆ ಕೆಳಗಿಳಿಯುತ್ತದೆ. ಒಂದು ಹಳ್ಳಕ್ಕೆ ಸೇರುವ ಎಲ್ಲ ಹೊಲಗಳನ್ನು ಸರಕಾರ ಕೂಡಿಯೇ ಹಿಡಿಯಬೇಕು. ವರ್ಷಾ ಕಾಲುವೆಗೆ ನೀರು ಬಿಡುವ ಮೊದಲು ನೀರು ಬಳಕೆದಾರರ ಸಂಘದವರು ಬಸಿಗಾಲುವೆ ನೋಡಿ ಬರಬೇಕು. ಮುಚ್ಚಿದವರು ತಾವೇ ತೆಗೆಯಬೇಕು, ನಮ್ಮ ಅಜ್ಜನಾದರೂ ಸರಿ.

ತೊಗರಿ ಕೊಯ್ದ ಮೇಲೆ ಅಲ್ಲಿ ನಾನೇ ಸಲಿಕೆ ಹಿಡಿಯುತ್ತೇನೆ ಅಂತ ಹೇಳಿದ್ದೇನೆ. ಅಜ್ಜ ಇನ್ನೂ ಹೂಂ ಅಂದಿಲ್ಲ.

— 7ನೇ ಇಯತ್ತೆ ವಿದ್ಯಾರ್ಥಿ